ಸಹಾಯ ಬೇಕು: ಅರಬ್ಬಿ ಲಿಪಿಕಲೆಯ ಸುಲುಸ್ ಮತ್ತು ಮುಹಕ್ಕಕ್ ಶೈಲಿಗಳನ್ನು ಬೇರ್ಪಡಿಸಿ ಗುರುತಿಸುವುದು ಹೇಗೆ?

ನಮಸ್ಕಾರ. ಹತ್ತನೆಯ ಶತಮಾನದ ಬಗ್ದಾದಿನಲ್ಲಿ ವಜೀರನಾಗಿದ್ದ ಇಬ್ನ್ ಮುಕ್ಲಾನ ಹೆಸರಿನೊಂದಿಗೆ ಬೆಸೆದುಕೊಂಡಿರುವ, ಲೇಖನಿಯ ಮೊನೆಯಿಂದ ಮೂಡುವ ವಜ್ರಾಕಾರದ ಚುಕ್ಕೆಯನ್ನೇ ಅಳತೆಯಾಗಿಟ್ಟುಕೊಂಡು ಅಕ್ಷರಗಳ ಪ್ರಮಾಣವನ್ನು ನಿಗದಿಪಡಿಸುವ ಕ್ರಮವನ್ನು ಅನುಸರಿಸಿ ನಾನು ಅರಬ್ಬಿಯ ಆರು ಶಾಸ್ತ್ರೀಯ ಲಿಪಿಶೈಲಿಗಳನ್ನು ಅಭ್ಯಾಸ ಮಾಡುತ್ತಿದ್ದೇನೆ. ಅವುಗಳಲ್ಲಿ ನಸ್ಖ್ ಸುಲಭವಾಗಿ ಗುರುತು ಸಿಗುತ್ತದೆ. ತೊಡಕಿರುವುದು ಸುಲುಸ್ ಮತ್ತು ಮುಹಕ್ಕಕ್ ನಡುವೆ.

ಮುಹಕ್ಕಕ್‌ನಲ್ಲಿ ‘ರಾ’, ‘ವಾವ್’ ಅಕ್ಷರಗಳ ಬಾಲವು ಹೆಚ್ಚು ಆಳಕ್ಕೆ ಇಳಿಯದೆ ಎಡಕ್ಕೆ ಚಾಚಿಕೊಂಡು, ಕತ್ತಿಯ ಅಲಗಿನಂತೆ ಚೂಪಾಗಿ ಮುಗಿಯುತ್ತದೆ. ಸುಲುಸ್‌ನಲ್ಲಿ ಅದೇ ಬಾಲ ಆಳವಾಗಿ ಬಾಗುತ್ತದೆ. ಇಷ್ಟು ಸ್ಪಷ್ಟವಾಗಿದೆ, ಮತ್ತು ಈ ಬಾಗಿನಲ್ಲಿಯೇ ಸುಲುಸ್‌ನ ಚೆಲುವೆಲ್ಲ ಅಡಗಿದೆ ಎಂದು ನನಗನ್ನಿಸುತ್ತದೆ. ಆದರೆ ಈಜಿಪ್ಟ್ ಮತ್ತು ಸಿರಿಯಾಗಳನ್ನು ಆಳಿದ ಮಾಮ್ಲೂಕ ಸುಲ್ತಾನರ ಕಾಲದ ದೊಡ್ಡ ಕುರಾನ್ ಹಸ್ತಪ್ರತಿಗಳ ಚಿತ್ರಗಳನ್ನು ನೋಡುವಾಗ, ಅಂತಹ ಬಾಲವಿಲ್ಲದ ಪದಗಳಲ್ಲಿ ಎರಡೂ ಶೈಲಿಗಳು ಒಂದೇ ಎನಿಸಿಬಿಡುತ್ತವೆ. ನೆಟ್ಟಗಿನ ಗೆರೆಯಂತಹ ಅಕ್ಷರವಾದ ಅಲಿಫ್‌ನ ಎತ್ತರವನ್ನು ನಂಬಬೇಕೋ, ‘ಮೀಮ್’ ಮತ್ತು ‘ಐನ್’ಗಳ ಒಳಗಿನ ತೆರಪು ಮುಚ್ಚಿದೆಯೇ ತೆರೆದಿದೆಯೇ ಎಂಬುದನ್ನು ನಂಬಬೇಕೋ?

ಗುರುಮುಖೇನ ಕಲಿತವರು ಯಾರಾದರೂ ಒಂದೇ ಪದವನ್ನು ಎರಡೂ ಶೈಲಿಗಳಲ್ಲಿ, ಅಳತೆಯ ಚುಕ್ಕೆಗಳ ಸಹಿತ ಬರೆದು ಅದರ ಚಿತ್ರವನ್ನು ಇಲ್ಲಿ ಹಾಕಿದರೆ ಬಹಳ ಉಪಕಾರವಾಗುತ್ತದೆ. ಸುಲುಸ್‌ಗೆ ಬಿದಿರಿನ ಲೇಖನಿಯ ಮೊನೆಯನ್ನು ಎಷ್ಟು ಓರೆಯಾಗಿ ಕತ್ತರಿಸಬೇಕೆಂಬುದನ್ನೂ ದಯವಿಟ್ಟು ತಿಳಿಸಿ.