ಮನೆಯವ್ರ ದುಡಿಮೆ ನಿಂತಿದೆ, ಏರಿಯಾ ಟ್ರಸ್ಟಿನ ಸಹಾಯ ತಗೊಂಡಿರೋರು ಅನುಭವ ಹೇಳಿ

ದಾವಣಗೆರೆ ಅಮ್ಮ
ಎಲ್ರಿಗೂ ನಮಸ್ಕಾರ. ನಮ್ಮನೆಯವ್ರು ಟಾಟಾ ಏಸ್ ಓಡಿಸ್ತಾರೆ, ಗಾಡಿ ಇನ್ನೂ ಲೋನಲ್ಲಿದೆ. ಹರಿಹರದ ಹತ್ರ ಆಕ್ಸಿಡೆಂಟ್ ಆಗಿ ಬಲಗಾಲಿಗೆ ರಾಡ್ ಹಾಕಿದಾರೆ, ಆರು ತಿಂಗಳು ಗಾಡಿ ಹತ್ತಂಗಿಲ್ಲ ಅಂದಿದಾರೆ ಡಾಕ್ಟ್ರು. ಆಪರೇಷನ್ ಆಯುಷ್ಮಾನ್ ಕಾರ್ಡಲ್ಲಿ ಆಯ್ತು, ತೊಂದ್ರೆ ಈಗ ಶುರು. ಮಗಳು ಎಸ್ಸೆಸ್ಸೆಲ್ಸಿ, ಮಗ ಆರನೇ ಕ್ಲಾಸು, ಮನೆ ಬಾಡಿಗೆ 5,500, ಗಾಡಿ ಇಎಂಐ 11,200. ನಾನು ಸೀರೆ ಕುಚ್ಚು ಕಟ್ತೀನಿ, ಅದರಲ್ಲಿ ಏನು ಬರುತ್ತೆ ನಿಮಗೇ ಗೊತ್ತು. ನಮ್ಮ ಏರಿಯಾದ ಒಂದು ಟ್ರಸ್ಟಿನವ್ರು ಆರು ತಿಂಗಳು ರೇಷನ್ ಕಿಟ್, ಮಗಳ ಫೀಸು ಕೊಡ್ತೀವಿ ಅಂದಿದಾರೆ. ಆದ್ರೆ ಮನೆಗೆ ಬಂದು ನೋಡ್ತಾರಂತೆ, ಪಾಸ್‌ಬುಕ್ ಝೆರಾಕ್ಸ್ ಬೇಕಂತೆ, ಫೋಟೋ ತೆಗೀತಾರಂತೆ. ನಮ್ಮತ್ತೆ ಬೇಡವೇ ಬೇಡ ಅಂತ ಕೂತಿದಾರೆ. ತಗೊಂಡಿರೋರು ಹೇಳಿ, ಹೆಂಗಿರುತ್ತೆ? ಇಎಂಐಗೂ ಇಂಥವ್ರು ಏನಾದ್ರೂ ಮಾಡ್ತಾರಾ?

ಹುಬ್ಬಳ್ಳಿಯಾಕಿ
ನಾ ತಗೊಂಡೇನ್ರಿ ಅಕ್ಕಾರ, ಅದಕ್ಕ ಬರ್ಯಾಕತ್ತೇನಿ. ನಮ್ಮ ಮನಿಯವ್ರಿಗೆ ಕಿಡ್ನಿ ಹೋಗಿ ಡಯಾಲಿಸಿಸ್ ಶುರು ಆತು. ಸರ್ಕಾರಿ ದವಾಖಾನ್ಯಾಗ ಫ್ರೀ ಅಂತಾರ, ಖರೇನ, ಮಷೀನಿಗೆ ರೊಕ್ಕ ಇಲ್ಲ. ಆದ್ರ ಆಟೋಕ್ಕ ಹೋಗಿ ಬರಾಕ 360, ವಾರಕ್ಕ ಎರಡ ಸಲ, ರಕ್ತ ಏರೂ ಇಂಜೆಕ್ಷನ್ ಅಲ್ಲಿ ಸ್ಟಾಕ್ ಇಲ್ಲಂದ್ರ ಹೊರಗ ತರಬೇಕು, ಮ್ಯಾಲ ಟೆಸ್ಟು, ತಿಂಗಳಿಗೆ ಆರು ಸಾವಿರಕ್ಕ ಕಮ್ಮಿ ಆಗ್ತಿರಲಿಲ್ಲ.

ಆವಾಗ ಒಂದ ಟ್ರಸ್ಟಿನವ್ರು ಕಿಟ್ ತಂದ್ರು. ಏನಿತ್ತು ಅದರಾಗ? 15 ಕೆಜಿ ಅಕ್ಕಿ, ಒಂದ ಕೆಜಿ ತೊಗರಿಬ್ಯಾಳಿ, ಒಂದ ಲೀಟರ್ ಪಾಮ್ ಎಣ್ಣಿ, ಸಕ್ರಿ, ಉಪ್ಪು, ನೂರ ಗ್ರಾಂ ಚಾಪುಡಿ. ಅಕ್ಕಿ ತಗೊಂಡ ಏನ ಮಾಡ್ಲಿ ನಾ? ನಮ್ಮ ಕಾರ್ಡಿನ್ಯಾಗ ಐದ ಮಂದಿ. ಅನ್ನಭಾಗ್ಯದ್ದು ಮದ್ಲ ತಲಿಗೆ 170ರಂಗ 850 ಅಕೌಂಟಿಗೆ ಬರ್ತಿತ್ತು, ಅದರಾಗ ನಂದು ಸಿಲಿಂಡರ್ ಆಗ್ತಿತ್ತು. 2025ರ ಫೆಬ್ರವರಿಯಿಂದ ರೊಕ್ಕ ನಿಲ್ಲಿಸಿ ಅದಕ್ಕೂ ಅಕ್ಕಿನ ಕೊಟ್ರು, ತಲಿಗೆ ಹತ್ತ ಕೆಜಿ, ಒಟ್ಟ 50 ಕೆಜಿ. ಅದರ ಮ್ಯಾಲ ಇವ್ರ 15. ನಾವು ರೊಟ್ಟಿ ತಿನ್ನೂ ಮಂದಿ. ಮೂಲ್ಯಾಗ ಅಕ್ಕಿ ಚೀಲ ಒಟ್ಟೇತಿ, ಬೇಯಸಾಕ ಗ್ಯಾಸ್ ಇಲ್ಲ. ಸಿಲಿಂಡರಿಗೆ ಕೊಡ್ರಿ ಸಾಕು ಅಂದ್ರ "ರೊಕ್ಕ ಕೊಡೂ ಪದ್ಧತಿ ನಮ್ಮಲ್ಲಿಲ್ಲ" ಅಂದ್ರು.

ಫೋಟೋದ್ದು ಕೇಳ್ರಿ. ಆರ ಮಂದಿ ಗಂಡಸರು ಒಂದ ಚೀಲಾ ಹಿಡಕೊಂಡ್ರು, ಹಿಂದ ಬ್ಯಾನರ್, ಮುಂದ ನನ್ನ ಮಗಳನ್ನ ನಿಂದರಿಸಿದ್ರು. ಸಂಜಿಕೆ ಓಣಿ ಗ್ರೂಪಿನ್ಯಾಗ ಬಂತು. ಮರದಿನ ಹುಡುಗಿ ಸಾಲಿಗೆ ಹೋಗಲಿಲ್ಲ. ನಿಮ್ಮ ಅತ್ತಿಯವ್ರು ಹೇಳೂದ್ರಾಗ ಅರ್ಥ ಐತಿ.

ಮೈಸೂರ್ ಸೇವೆ
ಮೇಡಂ ನಿಮ್ಮ ನೋವು ಅರ್ಥ ಆಗುತ್ತೆ, ಆದ್ರೆ ಎಲ್ಲಾ ಟ್ರಸ್ಟನ್ನೂ ಒಂದೇ ತಕ್ಕಡೀಲಿ ತೂಗ್ಬೇಡಿ. ನಾನು ಇಂಥದ್ದೇ ಒಂದು ಚಿಕ್ಕ ಟ್ರಸ್ಟಲ್ಲಿ ಇದೀನಿ, ನಲವತ್ತು ಮನೆ ನೋಡ್ಕೊಳ್ತೀವಿ. ಬಂಡೀಪಾಳ್ಯ ಎಪಿಎಂಸಿಯಿಂದ ಹೋಲ್‌ಸೇಲಲ್ಲಿ ತಂದ್ರೂ ಒಂದು ಕಿಟ್ಟಿಗೆ 1,180 ಬೀಳುತ್ತೆ, ಭಾನುವಾರ ನಮ್ಮನೆ ಪಡಸಾಲೆಯಲ್ಲೇ ಪ್ಯಾಕಿಂಗ್, ಲಗೇಜ್ ಆಟೋ ಬಾಡಿಗೆ ನಮ್ಮ ಕೈಯಿಂದ. 2024ರ ಸೆಪ್ಟೆಂಬರಲ್ಲಿ ಕೇಂದ್ರದವ್ರು ಅಡುಗೆ ಎಣ್ಣೆ ಆಮದು ಸುಂಕ ಏರಿಸಿದ್ದೇ ತಡ ನಮಗೆ ಲೀಟರಿಗೆ 20 ರೂಪಾಯಿ ಜಾಸ್ತಿ ಆಯ್ತು, ನಲವತ್ತು ಮನೆಗೆ ಎರಡೆರಡು ಲೀಟರ್, 1,600 ರೂಪಾಯಿ, ಅಲ್ಲಿಗೆ ಒಂದು ಕಿಟ್ಟಿಗಿಂತ ಜಾಸ್ತಿ ದುಡ್ಡು ಪ್ರತಿ ತಿಂಗಳು ಹೋಯ್ತು. ಇದನ್ನ ಯಾರೂ ನೋಡಲ್ಲ.

ದುಡ್ಡು ಯಾಕೆ ಕೈಗೆ ಕೊಡಲ್ಲ ಅಂದ್ರೆ, ಒಬ್ರಿಗೆ ಮಗನ ಫೀಸು ಅಂತ 14,000 ಕೊಟ್ವಿ, ಅದು ಚೀಟಿಗೆ ಹೋಯ್ತು, ಹುಡುಗನ್ನ ಪರೀಕ್ಷೆಗೆ ಕೂರಿಸ್ಲಿಲ್ಲ. ಅವತ್ತಿಂದ ಸ್ಕೂಲ್ ಹೆಸರಿಗೇ ಚೆಕ್. ಒಂದೇ ಮನೆಯವ್ರು ಮೂರು ಕಡೆ ಕಿಟ್ ತಗೊಂಡು ಒಂದನ್ನ ಅಂಗಡಿಗೆ ಮಾರಿದ್ದೂ ನೋಡಿದೀವಿ. ಮನೆಗೆ ಬಂದು ನೋಡದೆ ಇನ್ನೇನ್ ಮಾಡೋದು ಹೇಳಿ. ದಾನಿಗಳಿಗೆ ತೆರಿಗೆ ವಿನಾಯಿತಿಯ ರಶೀದಿ ಕೊಡ್ಬೇಕು, ಆಡಿಟ್ ಇರುತ್ತೆ, ದಾಖಲೆ ಬೇಕೇ ಬೇಕು.

ಹುಬ್ಬಳ್ಳಿಯಾಕಿ
ಆಡಿಟರ್ ನನ್ನ ಮಗಳ ಮಾರಿ ನೋಡಿ ಲೆಕ್ಕ ಬರೀತಾನೇನ್ರಿ? ಬಿಲ್ ಇಟ್ಟರ ಸಾಕಲ್ಲ. ಯಾರೋ ಒಬ್ಬ ಚೀಟಿಗೆ ಹಾಕಿದ್ನಂತ ನಾವೆಲ್ಲಾ ಕಳ್ಳರಾ?

ಮೈಸೂರ್ ಸೇವೆ
ಕಳ್ಳರು ಅಂತ ಎಲ್ಲಿ ಅಂದೆ ನಾನು? ನಾವು ಮುಖ ತೆಗಿಯಲ್ಲ, ಕಿಟ್ ಮತ್ತೆ ಕೈ ಮಾತ್ರ. ಓದಿ ಆಮೇಲೆ ಬೈಯಿರಿ.

ಮಂಡ್ಯದೋನು
ನಾನು ಯಾರ್ ತಾವ್ಲೂ ಕೈ ಚಾಚ್ಲಿಲ್ಲ. ಅಪ್ಪಂಗೆ ಹಾರ್ಟ್ ಆಪರೇಷನ್ ಆದಾಗ ನಮ್ಮೂರ ಕಡೆಯೋರು ಕಲೆಕ್ಷನ್ ಮಾಡ್ಕೊಡ್ತೀವಿ ಅಂದ್ರು, ಬೇಡ ಅಂದೆ. ಹೆಂಡ್ತಿ ಹೆಸ್ರಲ್ಲಿ ಸಂಘದ ಮೈಕ್ರೋ ಫೈನಾನ್ಸ್ ಲೋನ್ ತಗೊಂಡೆ, 50,000 ಅಂತ ಬರ್ಕೊಂಡು ಕೈಗೆ 48,300 ಕೊಟ್ರು, ಫೀಸು ಇನ್ಶೂರೆನ್ಸು ಅಂತ ಮುರ್ಕೊಂಡು. ವಾರಕ್ಕೆ 1,090, 52 ವಾರ. ಡೈರಿಯಿಂದ ಹಾಲಿನ ದುಡ್ಡು ಬರೋದು ಹದಿನೈದು ದಿನಕ್ಕೆ, ಇವ್ರು ಕೇಳೋದು ವಾರ ವಾರ, ಅಲ್ಲೇ ಸಿಕ್ಕಾಕ್ಕೊಂಡಿದ್ದು. ಅದ ಕಟ್ಟಕ್ಕೆ ಇನ್ನೊಂದು ಕಡೆ 30,000. ಒಂದು ವಾರ ನಿಂತ್ರೆ ಸಂಘದ ಮಿಕ್ಕ ಹೆಂಗಸ್ರು ಕಟ್ಬೇಕು, ಹಂಗಾಗಿ ಅಕ್ಕಪಕ್ಕದ ಮನೆಯೋರೇ ನನ್ನ ಹೆಂಡ್ತಿ ಮೇಲೆ ಜಗಳಕ್ಕೆ ಬಿದ್ರು. ಕಲೆಕ್ಷನ್ ಹುಡುಗ ರಾತ್ರಿ ಎಂಟೂವರೆಗಂಟ ಜಗಲಿ ಮೇಲೇ ಕೂತಿರೋನು. 2025ರ ಫೆಬ್ರವರಿಯಲ್ಲಿ ಸಾಲ ವಸೂಲಿಗೆ ಕಿರುಕುಳ ಕೊಡಬಾರ್ದು ಅಂತ ಸರ್ಕಾರ ಸುಗ್ರೀವಾಜ್ಞೆ ತಂದ್ಮೇಲೆ ಆ ಕೂರೋದು ನಿಂತ್ಕತು, ಆದ್ರೆ ಸಾಲ ಮನ್ನಾ ಅಂತ ಕುಣಿದ್ರಲ್ಲ, ಅದು ನೋಂದಣಿ ಇಲ್ದೋರ ಸಾಲಕ್ಕೆ ಮಾತ್ರ, ನಮ್ದು ಆರ್‌ಬಿಐ ರಿಜಿಸ್ಟರ್ ಕಂಪನಿ. ಎಚ್ಎಫ್ ಹಸ ಮಾರ್ದೆ 52,000ಕ್ಕೆ, ಹೆಂಡ್ತಿ ಸರ ಮಾರ್ದೆ. ಆದ್ರೂ ತೀರಿಸ್ದೆ ಕಣಕ್ಕ. ಇವತ್ತು ಊರಲ್ಲಿ ಒಬ್ನೂ ನನ್ನ ನೋಡಿ ಇವನಿಗೆ ನಾನ್ ಕೊಟ್ಟೆ ಅನ್ನಂಗಿಲ್ಲ.

ಕರಾವಳಿ ಮೇಷ್ಟ್ರು
ಹಸು ಹೋಯ್ತು, ಚಿನ್ನ ಹೋಯ್ತು, ಇದಕ್ಕೆ ಸ್ವಾಭಿಮಾನ ಅಂತ ಹೆಸರಿಡುದು ನನಗೆ ಒಪ್ಪುದಿಲ್ಲ ಮಾರಾಯ್ರೆ. ಸರ ನಿಮ್ಮದಲ್ಲ, ನಿಮ್ಮ ಹೆಂಡತಿಯದ್ದು.

ನಂದು ಹೇಳ್ತೇನೆ. ನನ್ನ ಅಪ್ಪ ತೆಂಗಿನಮರದಿಂದ ಬಿದ್ದು ಸೊಂಟ ಹೋಯ್ತು, ಅಮ್ಮ ಬೀಡಿ ಕಟ್ಟಿ ಮನೆ ನಡೆಸಿದ್ದು. ಪಿಯುಸಿಗೆ ಸೇರುವಾಗ ನಮ್ಮ ಹೈಸ್ಕೂಲಿನ ಮೇಷ್ಟ್ರು ಉಡುಪಿಯ ಯಕ್ಷಗಾನ ಕಲಾರಂಗಕ್ಕೆ ಅರ್ಜಿ ಹಾಕಿಸಿದರು. 1975ರಲ್ಲಿ ಯಕ್ಷಗಾನಕ್ಕೆ ಅಂತಲೇ ಶುರುವಾದ ಸಂಸ್ಥೆ, ಆಮೇಲೆ ವಿದ್ಯಾಪೋಷಕ್ ಅಂತ ಬಡ ಮಕ್ಕಳಿಗೆ ಸಹಾಯ ಮಾಡ್ಲಿಕ್ಕೆ ಹೊರಟದ್ದು. ಅವರೂ ಮನೆಗೆ ಬಂದು ನೋಡಿದ ನಂತರವೇ ಕೊಡುದು. ಬಂದ ದಿನ ಜೋರು ಮಳೆ, ಮಾಡಿನ ಮೇಲೆ ಟಾರ್ಪಾಲು, ಒಳಗೆ ಒಲೆ ಪಕ್ಕ ಬೋಗುಣಿ ಇಟ್ಟು ನೀರು ಹಿಡಿತಿದ್ದೆವು. ಬಂದವರು ಚಪ್ಪಲಿ ಹೊರಗೆ ಬಿಟ್ಟು ಚಾಪೆ ಮೇಲೆ ಕೂತು ಅಮ್ಮ ಕೊಟ್ಟ ಚಾ ಕುಡಿದು ಅಪ್ಪನ ಹತ್ರ ಯಕ್ಷಗಾನದ ಮಾತಾಡಿದರು. ಫೀಸು ಬಂತು. ನಾನು ಈಗ ಮೇಷ್ಟ್ರು, ಪ್ರತಿ ವರ್ಷ ಒಬ್ಬ ಹುಡುಗನ ಖರ್ಚು ನನ್ನದು. ಆದ್ದರಿಂದ ಅಮ್ಮ, ಮನೆಗೆ ಬರುದಕ್ಕೆ ಹೆದರ್ಬೇಡಿ, ಬಂದವರು ಹೇಗೆ ಕೂತ್ಕೊಳ್ತಾರೆ ಅಂತ ನೋಡಿ, ಗೊತ್ತಾಗ್ತದೆ.

ಮಂಡ್ಯದೋನು
ನನ್ನ ಹೆಂಡ್ತಿ ಸರದ ಸುದ್ದಿ ನಿಮಗೆ ಬೇಡ ಮೇಷ್ಟ್ರೇ. ಸರ ಕೊಟ್ಟಿದ್ದು ಅವಳೇ, ನಾನ್ ಕಿತ್ಕೊಂಡಿಲ್ಲ. ನಿಮಗೆ ಒಳ್ಳೇ ಸಂಸ್ಥೆ ಸಿಗ್ತು, ನಮ್ಮ ಕಡೆ ಕೊಡೋರು ಎಲೆಕ್ಷನ್ ವರ್ಷದಲ್ಲಿ ಮಾತ್ರ ಬರೋದು.

ಬಜ್ಪೆ ಲಿಲ್ಲಿ
ನಮ್ಮ ಚರ್ಚಿನಲ್ಲಿ ಬಡವರಿಗೆ ಸಹಾಯ ಮಾಡುವ ವಿನ್ಸೆಂಟ್ ದೆ ಪಾವ್ಲ್ ಸಭೆ ಅಂತ ಒಂದು ಸಂಘ ಉಂಟು, 1833ರಲ್ಲಿ ಪ್ಯಾರಿಸಿನಲ್ಲಿ ಕಾಲೇಜು ಹುಡುಗರು ಶುರು ಮಾಡಿದ್ದು, ಈಗ ಎಲ್ಲಾ ಕಡೆ ಉಂಟು. ನನ್ನ ಗಂಡ ಗಲ್ಫಿನಿಂದ ಕೆಲಸ ಕಳ್ಕೊಂಡು ಬಂದು ಹಾಸಿಗೆ ಹಿಡಿದಾಗ ಅವರೇ ನೋಡಿದ್ದು. ಇಬ್ಬಿಬ್ಬರೇ ಬರುದು, ಫೋಟೋ ಇಲ್ಲ, ಬ್ಯಾನರ್ ಇಲ್ಲ, ಯಾರ ಮನೆಗೆ ಹೋದದ್ದು ಅಂತ ಹೊರಗೆ ಹೇಳುದಿಲ್ಲ. ಅವರ ಮೀಟಿಂಗಿನಲ್ಲಿ ಒಂದು ಚೀಲ ಸುತ್ತ ಹೋಗ್ತದೆ, ಯಾರು ಎಷ್ಟು ಹಾಕಿದ್ದು ಅಂತ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ, ಆ ದುಡ್ಡೇ ನಮಗೆ ಬರುದು. ನನಗೆ ಮದ್ದಿನ ಅಂಗಡಿಯ ಬಾಕಿ 8,640 ಅವರೇ ಹೋಗಿ ಕಟ್ಟಿದರು. ಏನು ಬೇಕು ಅಂತ ಮೊದಲು ಕೇಳಿದರು, ಅದೇ ದೊಡ್ಡದು ನನಗೆ.

ಮೈಸೂರ್ ಸೇವೆ
ಅದು ನಿಮ್ಮ ಧರ್ಮದವ್ರಿಗೆ ಮಾತ್ರ ಅಲ್ವಾ ಲಿಲ್ಲಿಯವ್ರೇ. ನಾವು ಎಲ್ರಿಗೂ ಕೊಡ್ಬೇಕು, ಅದಕ್ಕೇ ದಾಖಲೆ ಕೇಳೋದು.

ಬಜ್ಪೆ ಲಿಲ್ಲಿ
ಗೊತ್ತಿಲ್ಲದೆ ಮಾತಾಡ್ಬೇಡಿ. ನಮ್ಮ ಬಲಬದಿಯ ಮನೆಯವರು ಹಿಂದೂಗಳು, ಅವರ ಮಗಳ ನರ್ಸಿಂಗ್ ಫೀಸಿಗೂ ಕೊಟ್ಟಿದ್ದಾರೆ. ಜಾತಿ ಧರ್ಮ ನೋಡ್ಬಾರ್ದು ಅಂತ ಅವರ ನಿಯಮವೇ ಉಂಟು.

ಹುಬ್ಬಳ್ಳಿಯಾಕಿ
"ಏನ ಬೇಕು" ಅಂತ ಕೇಳಿದ್ರಂತ ನೋಡ್ರಿ ಮೈಸೂರಿನವ್ರ. ಅಷ್ಟ ನಾನೂ ಕೇಳಾಕತ್ತಿದ್ದು. ನಿಮ್ಮ ನಲವತ್ತು ಮನ್ಯಾಗ ಯಾರಿಗರ ಕೇಳೀರೇನು?

ಮೈಸೂರ್ ಸೇವೆ
ನಲವತ್ತು ಮನೆಗೆ ನಲವತ್ತು ತರ ಕೊಡಕ್ಕೆ ನಾವೇನು ಸರ್ಕಾರನಾ? ಕೆಲಸ ಮುಗಿಸಿ ಬಂದು ಮಾಡ್ತಿರೋರು ನಾವು. ಒಂದು ಮಾತು ಒಪ್ತೀನಿ, ಅಕ್ಕಿ ಕಮ್ಮಿ ಮಾಡಿ ಬೇಳೆ ಎಣ್ಣೆ ಸೋಪು ಜಾಸ್ತಿ ಮಾಡ್ಬೇಕು ಅಂತ ನಮ್ಮಲ್ಲೂ ಹೆಂಗಸರು ಹೇಳ್ತಾನೇ ಇದಾರೆ.

ದಾವಣಗೆರೆ ಅಮ್ಮ
ಎಲ್ರೂ ಇಷ್ಟು ಬರ್ದಿದೀರ, ಓದ್ತಾ ಇದೀನಿ. ದಯವಿಟ್ಟು ಜಗಳ ಬೇಡ. ಇಎಂಐ ಬಗ್ಗೆ ಯಾರೂ ಹೇಳ್ಲಿಲ್ಲ, ಎರಡು ಕಂತು ಆಗ್ಲೇ ಬೌನ್ಸ್ ಆಗಿದೆ, ಬೌನ್ಸಿಗೇ 590 ರಂಗೆ ಹಾಕಿದಾರೆ.

ಮೈಸೂರ್ ಸೇವೆ
ಸಾಲದ ಕಂತು ಯಾವ ಟ್ರಸ್ಟೂ ಕಟ್ಟಲ್ಲಮ್ಮ, ನಾವೂ ಕಟ್ಟಲ್ಲ, ಅದಕ್ಕೆ ಕೊನೆ ಇರಲ್ಲ. ನೀವು ಕಾರ್ಮಿಕ ಇಲಾಖೆಗೆ ಹೋಗಿ ಕೇಳಿ, ಖಾಸಗಿ ವಾಣಿಜ್ಯ ವಾಹನ ಓಡಿಸೋರಿಗೆ ಅಪಘಾತ ಪರಿಹಾರದ ಸ್ಕೀಮ್ ಇದೆ. ಡಿಎಲ್, ಎಫ್ಐಆರ್, ಡಿಸ್ಚಾರ್ಜ್ ಸಮರಿ ಜೋಪಾನವಾಗಿ ಇಟ್ಕೊಳ್ಳಿ.

ಮಂಡ್ಯದೋನು
ಅಕ್ಕ, ಗಾಡಿ ನಿಲ್ಸಬೇಡ, ಅದು ನಿಂತಷ್ಟೂ ಬಡ್ಡಿ ಬೆಳೀತದೆ, ಬ್ಯಾಟರಿನೂ ಹೋಯ್ತದೆ. ಡ್ರೈವರ್ ಇಟ್ಟು ಓಡ್ಸು. ನಮ್ಮ ಕಡೆ ದಿನಕ್ಕೆ 700, ಊಟ ಬೇರೆ. ಬಾಡಿಗೆ ದಿನಾ 1,800 ಸಿಕ್ರೆ ಡೀಸೆಲ್ ಡ್ರೈವರ್ ಕಳೆದು ಕಂತಿಗೆ ಆಯ್ತದೆ, ಜಾಸ್ತಿ ಉಳಿಯಾಕಿಲ್ಲ. ಫೈನಾನ್ಸಿನೋರಿಗೆ ಬಾಯಲ್ಲಿ ಹೇಳ್ಬೇಡ, ಬರ್ದು ಕೊಟ್ಟು ಸೀಲ್ ಹಾಕಿಸ್ಕೊ.

ಹುಬ್ಬಳ್ಳಿಯಾಕಿ
ಇದು ಬರೋಬ್ಬರಿ ಮಾತು. ಅಕ್ಕಾರ ಫೀಸ್ ತಗೋರಿ, ಸಾಲಿಗೆ ಚೆಕ್ ಹೋಗ್ಲಿ. ಫೋಟೋಕ್ಕ ಮಕ್ಕಳನ್ನ ಮಾತ್ರ ಕರಿಬ್ಯಾಡ್ರಿ.

ದಾವಣಗೆರೆ ಅಮ್ಮ
ಇವತ್ತು ಟ್ರಸ್ಟಿನ ಮೇಡಂಗೆ ಫೋನ್ ಮಾಡಿದ್ದೆ. ಮಕ್ಕಳ ಫೋಟೋ ಬೇಡ ಅಂದೆ, ಸೈನ್ ಹಾಕ್ಕೊಟ್ರೆ ಸಾಕು ಅಂದ್ರು. ಅಕ್ಕಿ ಬದಲು ಬೇಳೆ ಎಣ್ಣೆ ಕೊಡ್ತೀರಾ ಅಂತಾನೂ ಕೇಳಿದೆ, ಮೀಟಿಂಗಲ್ಲಿ ಇಡ್ತೀನಿ ಅಂದಿದಾರೆ. ಗುರುವಾರ ಮನೆಗೆ ಬರ್ತಾರೆ. ಅತ್ತೆ ಆವತ್ತು ಮಗಳ ಮನೆಗೆ ಹೋಗ್ತೀನಿ ಅಂತಿದಾರೆ. ಅಣ್ಣ, ದಾವಣಗೆರೇಲಿ ಡ್ರೈವರ್ 800 ಕೇಳ್ತಿದಾರೆ, ಜಾಸ್ತಿ ಆಯ್ತಾ?

ಮಂಡ್ಯದೋನು
750ಕ್ಕೆ ಮಾತಾಡು. ಡೀಸೆಲ್ ಬಂಕಲ್ಲಿ ನೀನೇ ನಿಂತು ಹಾಕ್ಸು, ಕೈಗೆ ದುಡ್ಡು ಕೊಡ್ಬೇಡ.

ಹುಬ್ಬಳ್ಳಿಯಾಕಿ
ನೋಡ್ರಿ, ನೀವೂ ಅದನ್ನ ಅಂದ್ರಿ, ಕೈಗೆ ರೊಕ್ಕ ಕೊಡಬ್ಯಾಡ್ರಿ ಅಂತ.

ಮಂಡ್ಯದೋನು
ಡ್ರೈವರ್ ಬೇರೆ, ಕಷ್ಟದಲ್ಲಿರೋ ಮನೆ ಬೇರೆ ಕಣವ್ವ.