ಅಪ್‌ಡೇಟ್: ಚರ್ಮದ ಹೊಲಿಗೆ ಮಷೀನು ಕೊನೆಗೂ ತಿರುಗಿತು

ಹೋದ ವಾರ ಕೇಳಿದ್ದೆನಲ್ಲ, ಚಕ್ರವೇ ಅಲ್ಲಾಡದ, ಹೆಸರು ಅಳಿಸಿಹೋದ ಚರ್ಮ ಹೊಲಿಯೋ ಮಷೀನು ಯಾವುದು ಅಂತ? ಉದ್ದ ಸಪೂರ ತೋಳು ನೋಡಿ "ಸಿಂಗರ್ 29ಕೆ" ಅಂದವರೇ ಗೆದ್ದಿರಿ. ಜಿಡ್ಡು ಉಜ್ಜಿದಾಗ ತಗಡಿನ ಮೇಲೆ ಅದೇ ಸಂಖ್ಯೆ ಸಿಕ್ಕಿತು. 'ಕೆ' ಅಂದರೆ ಸ್ಕಾಟ್‌ಲೆಂಡಿನ ಕಿಲ್ಬೋವಿ ಕಾರ್ಖಾನೆಯಂತೆ, ಅದು ಮುಚ್ಚಿದ್ದು 1980ರಲ್ಲಿ.

ಬರೀ ಮಷೀನ್ ಎಣ್ಣೆ ಬಿಟ್ಟು ಕಾದಿದ್ದು ದಂಡ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಸೀಮೆಎಣ್ಣೆ ಹನಿಸಿದೆ (ಎರಡೂ ಒಟ್ಟಿಗೆ ಬೇಡ, ಬೆಂಕಿ ಹತ್ತೀತು!). ಮೂರನೇ ದಿನ ಚಕ್ರ ಕೂದಲೆಳೆಯಷ್ಟು ಅಲುಗಿ, ಸಂದಿಯಿಂದ ಕಂದು ಅಂಟು ಒಸರಿತು.

ನಗು ಬರೋ ವಿಷಯ: ಕೆಳಗೆ ಬಟ್ಟೆ ತಳ್ಳೋ ಹಲ್ಲುಗಳೇ ಇಲ್ಲ, ಕಳೆದುಹೋಗಿವೆ ಅಂತ ಬಿಡಿಭಾಗ ಹುಡುಕಿದ್ದೇ ಹುಡುಕಿದ್ದು. ಇದರಲ್ಲಿ ಚರ್ಮ ಎಳೆಯೋದು ಸೂಜಿ ಪಕ್ಕ ಚರ್ಮ ಒತ್ತಿ ಹಿಡಿಯೋ ಮೇಲಿನ ಪಾದವೇ (ಪ್ರೆಸರ್ ಫೂಟ್), ಅದೂ ಯಾವ ದಿಕ್ಕಿಗೆ ತಿರುಗಿಸಿದರೆ ಆ ದಿಕ್ಕಿಗೆ!