ಮಿದುಳಿನ ಆಕರಕೋಶಗಳಿಗೆ ರಕ್ತನಾಳದಿಂದ ಸಿಗುವುದು ಪೋಷಣೆ ಮಾತ್ರವೇ?

ಪ್ರಶ್ನೆ:
ವಯಸ್ಕ ಮಿದುಳಿನಲ್ಲಿ ಹೊಸ ನರಕೋಶಗಳನ್ನು ಹುಟ್ಟಿಸಬಲ್ಲ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ರಕ್ತನಾಳಗಳ ಮಗ್ಗುಲಲ್ಲೇ ನೆಲೆಸಿರುತ್ತವೆ ಎಂದು ಓದಿದ್ದೇನೆ. ಆದರೆ ಮಿದುಳಿನ ಯಾವ ಕೋಶವೂ ಲೋಮನಾಳದಿಂದ, ಅಂದರೆ ಅತಿ ಸಣ್ಣ ರಕ್ತನಾಳದಿಂದ, ಬಹಳ ದೂರವಿರುವುದಿಲ್ಲ. ಆಮ್ಲಜನಕ, ಗ್ಲೂಕೋಸ್ ಎಲ್ಲಕ್ಕೂ ಬೇಕು. ಹೀಗಿರುವಾಗ ಆಕರಕೋಶಗಳ ವಿಷಯದಲ್ಲಿ ರಕ್ತನಾಳಕ್ಕೆ ವಿಶೇಷ ಪಾತ್ರವಿದೆ ಎನ್ನಲು ಆಧಾರವೇನು? ಅಲ್ಲದೆ, ರಕ್ತನಾಳ ಅವುಗಳ ವಿಭಜನೆಯನ್ನು ಹೆಚ್ಚಿಸುತ್ತದೆ ಎಂದು ಒಂದು ಕಡೆ, ಅವನ್ನು ಸುಪ್ತವಾಗಿ ಇರಿಸುತ್ತದೆ ಎಂದು ಇನ್ನೊಂದು ಕಡೆ ಬರೆದಿರುತ್ತಾರೆ. ಎರಡೂ ನಿಜವಾಗಿರುವುದು ಹೇಗೆ?

ಉತ್ತರ 1:
ಪೋಷಣೆಯೊಂದೇ ಕಾರಣವಲ್ಲ ಎಂಬುದಕ್ಕೆ 2004ರಲ್ಲಿ ಪ್ರಕಟವಾದ ಪ್ರಯೋಗವೊಂದು ಒಳ್ಳೆಯ ಪುರಾವೆ. ನರ ಆಕರಕೋಶಗಳನ್ನೂ ರಕ್ತನಾಳದ ಒಳಪದರವಾದ ಎಂಡೋಥೀಲಿಯಲ್ ಕೋಶಗಳನ್ನೂ ಪ್ರಯೋಗಾಲಯದಲ್ಲಿ ಒಂದೇ ಪೋಷಕ ದ್ರವದಲ್ಲಿ, ಸೂಕ್ಷ್ಮ ರಂಧ್ರಗಳುಳ್ಳ ಪೊರೆಯೊಂದನ್ನು ನಡುವೆ ಇಟ್ಟು ಬೆಳೆಸಲಾಯಿತು. ಅಲ್ಲಿ ರಕ್ತದ ಹರಿವಿರಲಿಲ್ಲ, ಕೋಶಗಳು ಪರಸ್ಪರ ತಾಗುತ್ತಲೂ ಇರಲಿಲ್ಲ. ಆದರೂ ಆಕರಕೋಶಗಳು ತಮ್ಮ ಗುಣವನ್ನು ಉಳಿಸಿಕೊಂಡೇ ವಿಭಜಿಸಿ ಹಾಳೆಗಳಂತೆ ಹರಡಿದವು. ಎಂಡೋಥೀಲಿಯಲ್ ಕೋಶಗಳನ್ನು ತೆಗೆದ ಮೇಲೆ ಹೆಚ್ಚಿನ ಪ್ರಮಾಣದಲ್ಲಿ ನರಕೋಶಗಳಾದವು. ಆ ಕೋಶಗಳು ಸ್ರವಿಸಿದ ಯಾವುದೋ ಅಂಶ ಪೊರೆಯನ್ನು ದಾಟಿ ಕೆಲಸ ಮಾಡಿತು ಎಂದೇ ಇದರ ಅರ್ಥ.

ಉತ್ತರ 2:
ನಿಮ್ಮ ಎರಡನೆಯ ಗೊಂದಲಕ್ಕೆ ಪರಿಹಾರವೂ ಆ ಪೊರೆಯಲ್ಲೇ ಇದೆ. ದೂರದಿಂದ ಬರುವ ಸ್ರಾವ ಮತ್ತು ನೇರ ಸ್ಪರ್ಶ ಇವೆರಡರ ಪರಿಣಾಮ ಒಂದೇ ಅಲ್ಲ. ಪಾರ್ಶ್ವ ಕುಹರಗಳ, ಅಂದರೆ ಮಿದುಳಿನೊಳಗೆ ದ್ರವ ತುಂಬಿರುವ ಪೊಳ್ಳುಗಳ, ಗೋಡೆಯಲ್ಲಿರುವ ಆಕರಕೋಶದ ರಚನೆಯನ್ನು ನೋಡಿ: ಅದರ ಒಂದು ತುದಿ ಕುಹರದೊಳಕ್ಕೆ ಇಣುಕಿ, ಕೂದಲಿನಂಥ ಒಂಟಿ ರೋಮಾಂಗವೊಂದನ್ನು ಮಿದುಳು-ಬೆನ್ನುಹುರಿ ದ್ರವಕ್ಕೆ ಚಾಚಿರುತ್ತದೆ, ಇನ್ನೊಂದು ತುದಿ ಉದ್ದವಾಗಿ ಬೆಳೆದು, ಪಾದದಂತೆ ಅಗಲವಾಗಿ ರಕ್ತನಾಳದ ಮೇಲೆ ಕೂರುತ್ತದೆ. ಎಂಡೋಥೀಲಿಯಲ್ ಕೋಶಗಳ ಮೇಲ್ಮೈಯಲ್ಲಿರುವ ಎಫ್ರಿನ್-ಬಿ2 ಮತ್ತು ಜ್ಯಾಗ್ಡ್1 ಎಂಬ ಪ್ರೋಟೀನುಗಳು ಆಕರಕೋಶವನ್ನು ವಿಭಜನೆಯಿಂದ ತಡೆದು ಸುಪ್ತವಾಗಿರಿಸುತ್ತವೆ ಎಂದು 2014ರಲ್ಲಿ ತೋರಿಸಲಾಯಿತು. ಎಂಡೋಥೀಲಿಯಲ್ ಕೋಶಗಳಲ್ಲಿ ಈ ಎರಡು ಜೀನುಗಳ ಪೈಕಿ ಯಾವುದನ್ನು ತೆಗೆದರೂ ಇಲಿಗಳಲ್ಲಿ ಆಕರಕೋಶಗಳು ಅಕಾಲದಲ್ಲಿ ಎಚ್ಚೆತ್ತು, ಕೊನೆಗೆ ದಾಸ್ತಾನೇ ಬರಿದಾಗುತ್ತದೆ. ಸುಪ್ತವಾಗಿರಿಸುವುದೂ ಆಸರೆಯೇ, ಏಕೆಂದರೆ ಸದಾ ವಿಭಜಿಸುವ ಆಕರಕೋಶ ಬಹುಕಾಲ ಉಳಿಯುವುದಿಲ್ಲ. ಸ್ರಾವಗಳ ಪ್ರಚೋದನೆ ಹೆಚ್ಚಾಗಿ ತಟ್ಟುವುದು ಆಗಲೇ ಎಚ್ಚೆತ್ತು ನರಕೋಶವಾಗುವ ದಾರಿ ಹಿಡಿದ ಮುಂದಿನ ಪೀಳಿಗೆಗೆ. ಆದರೂ ಸ್ರಾವವೆಲ್ಲ ಪ್ರಚೋದಕ ಎಂದು ತಿಳಿಯಬೇಡಿ. ಎಂಡೋಥೀಲಿಯಲ್ ಕೋಶಗಳಿಂದ ಬರುವ ನ್ಯೂರೊಟ್ರೋಫಿನ್-3 ಎಂಬ ಪ್ರೋಟೀನು ಸುಪ್ತತೆಯನ್ನೇ ಕಾಯುತ್ತದೆ.

ಉತ್ತರ 3:
ಇನ್ನೊಂದು ಅಂಶವನ್ನು ಸೇರಿಸುತ್ತೇನೆ. ಕುಹರದ ಗೋಡೆಯ ಈ ನೆಲೆಯಲ್ಲಿರುವ ರಕ್ತನಾಳಗಳು ಮಿದುಳಿನ ಉಳಿದ ಕಡೆಯವುಗಳಂತಿಲ್ಲ. ಸಾಮಾನ್ಯವಾಗಿ ಲೋಮನಾಳವನ್ನು ನರಕೋಶಗಳಿಗೆ ಆಸರೆಯಾಗಿರುವ ಆಸ್ಟ್ರೋಸೈಟ್‌ಗಳ ಪಾದಗಳೂ ನಾಳದ ಗೋಡೆಯನ್ನು ಸುತ್ತುವ ಕೋಶಗಳಾದ ಪೆರಿಸೈಟ್‌ಗಳೂ ಹೊದ್ದಿರುತ್ತವೆ. ಇಲ್ಲಿ ಅಲ್ಲಲ್ಲಿ ಆ ಹೊದಿಕೆ ಇರುವುದಿಲ್ಲ, ವಿಭಜಿಸುವ ಕೋಶಗಳು ಅಂಥ ಜಾಗಗಳಲ್ಲೇ ನಾಳವನ್ನು ತಾಗಿರುತ್ತವೆ, ರಕ್ತದಲ್ಲಿನ ಸಣ್ಣ ಅಣುಗಳೂ ಒಳಗೆ ಸೋರುತ್ತವೆ. ಇದನ್ನು 2008ರಲ್ಲಿ ವಿವರಿಸಲಾಯಿತು. ನಿಮ್ಮ ಮೊದಲ ಪ್ರಶ್ನೆಗೆ ಇದೇ ಹೆಚ್ಚು ನೇರವಾದ ಉತ್ತರ ಎಂದು ನನಗೆ ಅನ್ನಿಸುತ್ತದೆ. ರಕ್ತದಲ್ಲಿರುವುದೇನು ಎಂಬುದೂ ಮುಖ್ಯ: ಎಳೆಯ ಮತ್ತು ಮುದಿ ಇಲಿಗಳ ರಕ್ತಪರಿಚಲನೆಯನ್ನು ಜೋಡಿಸಿದಾಗ ಎಳೆಯ ಇಲಿಯ ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಭಾಗವಾದ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳ ಹುಟ್ಟು ಕುಗ್ಗಿತು, ಅದಕ್ಕೆ ಸಿಸಿಎಲ್11 ಎಂಬ ಅಂಶ ಒಂದು ಕಾರಣ ಎಂದು 2011ರ ಅಧ್ಯಯನ ಹೇಳಿತು. ಎಳೆಯ ರಕ್ತದಲ್ಲಿರುವ ಜಿಡಿಎಫ್11 ಎಂಬ ಪ್ರೋಟೀನು ಮುದಿ ಇಲಿಗಳಲ್ಲಿ ರಕ್ತನಾಳಗಳನ್ನೂ ನರಕೋಶಗಳ ಹುಟ್ಟನ್ನೂ ಹೆಚ್ಚಿಸುತ್ತದೆ ಎಂಬ 2014ರ ವರದಿ ಹೆಚ್ಚು ಸುದ್ದಿಯಾಯಿತು, ಆದರೆ ಜಿಡಿಎಫ್11 ಕುರಿತ ವಾದವಿವಾದ ಸಾಕಷ್ಟಿದೆ. ಪತ್ರಿಕೆಗಳ ಶೀರ್ಷಿಕೆಗಳನ್ನು ನಂಬಿ ಅದನ್ನು ಯೌವನದ ಔಷಧ ಎಂದುಕೊಳ್ಳಬಾರದು.

ಪ್ರಶ್ನೆ ಕೇಳಿದವರು:
ಸ್ಪರ್ಶ ಮತ್ತು ಸ್ರಾವದ ವ್ಯತ್ಯಾಸ ಈಗ ಸ್ಪಷ್ಟವಾಯಿತು, ಧನ್ಯವಾದಗಳು. ಇದೆಲ್ಲ ಮನುಷ್ಯರಿಗೂ ಅನ್ವಯಿಸುತ್ತದೆಯೇ?

ಉತ್ತರ 2 ಬರೆದವರು:
ನೇರವಾಗಿ ಅನ್ವಯಿಸಬೇಡಿ. ಮನುಷ್ಯರಲ್ಲಿ ಕುಹರದ ಗೋಡೆಯಿಂದ ಎಳೆಯ ನರಕೋಶಗಳು ಹೊರಡುವ ಪ್ರಕ್ರಿಯೆ ಶೈಶವದಲ್ಲೇ ಬಹುಮಟ್ಟಿಗೆ ಕ್ಷೀಣಿಸುತ್ತದೆ. ಹಿಪೊಕ್ಯಾಂಪಸ್ ಬಗ್ಗೆ 2018ರಲ್ಲೇ ಪ್ರಕಟವಾದ ಎರಡು ಅಧ್ಯಯನಗಳು ವಿರುದ್ಧ ತೀರ್ಮಾನಗಳಿಗೆ ಬಂದವು: ವಯಸ್ಕರಲ್ಲಿ ಹೊಸ ನರಕೋಶಗಳು ಕಾಣಲಿಲ್ಲ ಎಂದು ಒಂದು, ಮುಪ್ಪಿನಲ್ಲೂ ಹುಟ್ಟುತ್ತವೆ ಎಂದು ಇನ್ನೊಂದು. ಈ ಎರಡನೆಯ ಅಧ್ಯಯನವು ವಯಸ್ಸಾದಂತೆ ಹಿಪೊಕ್ಯಾಂಪಸ್‌ನಲ್ಲಿ ಹೊಸ ರಕ್ತನಾಳಗಳ ಬೆಳವಣಿಗೆ ಕುಗ್ಗುವುದನ್ನೂ ದಾಖಲಿಸಿದೆ, ಹಾಗಾಗಿ ನಿಮ್ಮ ಪ್ರಶ್ನೆಗೆ ಸಂಬಂಧಿಸಿದಂತೆ ಮೊದಲು ಓದಬೇಕಾದದ್ದು ಅದೇ.